ನಾಗರಿಕ ಸಲಹಾ ಸಮಿತಿಗೆ ಸದಸ್ಯನಾಗಲು ಕರೆ ಬಂದಿದೆ: ಒಪ್ಪುವ ಮುನ್ನ ಏನನ್ನು ಕೇಳಬೇಕು?

ಪ್ರಶ್ನೆ: ಎಸ್.ಎಸ್. ಪುರಂ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯ ಇಲಾಖೆಯೊಂದು ತನ್ನ ಕಾಮಗಾರಿಗಳ ಬಗ್ಗೆ ಸಾರ್ವಜನಿಕರ ಸಲಹೆ ಪಡೆಯಲು ನಾಗರಿಕ ಸಲಹಾ ಸಮಿತಿಯನ್ನು ರಚಿಸುತ್ತಿದ್ದು, ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ ಎಂಬ ನೆಲೆಯಲ್ಲಿ ನನ್ನ ಒಪ್ಪಿಗೆಯನ್ನು ಕೇಳಿದೆ. ಸಮಿತಿ ಇನ್ನೂ ರಚನೆಯಾಗಿಲ್ಲವಾದ್ದರಿಂದ ಇಲಾಖೆ ಯಾವುದೆಂದು ಇಲ್ಲಿ ಹೇಳುವುದು ಸೂಕ್ತವಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇಂಥ ಸಮಿತಿಗಳ ಒಳಹೊರಗನ್ನು ಬಲ್ಲವರ ಮಾತು ಕೇಳಬೇಕೆನಿಸಿ ಬರೆಯುತ್ತಿದ್ದೇನೆ.

ನನ್ನ ಹಿಂಜರಿಕೆಗೆ ಕಾರಣವಿದೆ. ಹಿಂದೊಮ್ಮೆ ಬೇರೊಂದು ಕಚೇರಿಯ ಇಂಥದೇ ಸಭೆಗೆ ವಿಶೇಷ ಆಹ್ವಾನಿತನಾಗಿ ಹೋಗಿದ್ದೆ. ಕಾರ್ಯಸೂಚಿಯ ಪ್ರತಿ ಕೈಗೆ ಸಿಕ್ಕಿದ್ದು ಸಭಾಂಗಣದ ಬಾಗಿಲಲ್ಲಿ, ಹಾಜರಾತಿ ಪುಸ್ತಕಕ್ಕೆ ಸಹಿ ಹಾಕುವಾಗ. ಸಭೆಯ ಬಹುಪಾಲು ಸಮಯ ಪರದೆಯ ಮೇಲೆ ಇಲಾಖೆಯ ಪ್ರಗತಿಯ ಅಂಕಿಅಂಶ ತೋರಿಸುವುದರಲ್ಲೇ ಕಳೆಯಿತು. ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಸಾಲಿಗೆ ಬಂದಾಗ ಅಧ್ಯಕ್ಷರು ಇನ್ನೊಂದು ಸಭೆಗೆ ಹೊರಡುವ ಹೊತ್ತಾಗಿತ್ತು. ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತಿದ್ದವರೆಲ್ಲ ಒಟ್ಟಿಗೇ ಮಾತನಾಡತೊಡಗಿದರು. ನಾನು ಹೇಳಿದ್ದು ನಡಾವಳಿಯಲ್ಲಿ ದಾಖಲಾಯಿತೇ ಎಂದು ವಿಚಾರಿಸಿದರೆ, ಆಹ್ವಾನಿತರಿಗೆ ನಡಾವಳಿ ಕಳಿಸುವ ಪದ್ಧತಿ ಇಲ್ಲ ಎಂಬ ಉತ್ತರ ಬಂತು.

ಆದರೆ ಕಾಗದದ ಮೇಲೆ ನೋಡಿದರೆ ನಾಗರಿಕರಿಗೆ ಸ್ಥಾನ ಕೊಡುವ ಆಶಯಕ್ಕೆ ಕೊರತೆಯಿಲ್ಲ. ನಮ್ಮ ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಆ ಯೋಜನೆಯ ಮಾರ್ಗಸೂಚಿಯಲ್ಲಿ ನಗರ ಮಟ್ಟದ ಸಲಹಾ ವೇದಿಕೆಯೊಂದು ಇರಬೇಕು, ಅದರಲ್ಲಿ ಜಿಲ್ಲಾಧಿಕಾರಿ, ಸಂಸದರು, ಶಾಸಕರು, ಮೇಯರ್ ಅವರ ಜೊತೆಗೆ ನಿವಾಸಿಗಳ ಸಂಘ, ತೆರಿಗೆದಾರರ ಸಂಘ, ಕೊಳೆಗೇರಿ ಒಕ್ಕೂಟ, ಸ್ವಯಂಸೇವಾ ಸಂಸ್ಥೆ ಅಥವಾ ಮಹಿಳಾ ಮಂಡಳಿ ಮುಂತಾದವುಗಳ ಪ್ರತಿನಿಧಿಗಳೂ ಇರಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಅಂಥ ವೇದಿಕೆಗೆ ನಿಯಮದಲ್ಲಿ ಅವಕಾಶವಿತ್ತು ಎಂಬುದೇ ನನ್ನ ಪರಿಚಯದ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ನನಗೂ ತಡವಾಗಿಯೇ ತಿಳಿಯಿತು.

ಸಲಹೆ ಕೊಡುವ ಅಧಿಕಾರವಷ್ಟೇ ಇದ್ದು, ಅದನ್ನು ಪಾಲಿಸಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲದಿರುವಾಗ ಇಂಥ ಸಮಿತಿಯಿಂದ ಆಡಳಿತ ನಿಜವಾಗಿ ಸುಧಾರಿಸುತ್ತದೆಯೇ? ಅಥವಾ ‘ನಾಗರಿಕರನ್ನೂ ಕೇಳಿದ್ದೇವೆ’ ಎಂದು ಕಡತದಲ್ಲಿ ಬರೆದುಕೊಳ್ಳಲು ನಾವು ನೆಪವಾಗುತ್ತೇವೆಯೇ? ಒಪ್ಪಿಕೊಳ್ಳುವುದಾದರೆ ಮೊದಲೇ ಯಾವ ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು? ದಯವಿಟ್ಟು ಅನುಭವವಿದ್ದವರು ತಿಳಿಸಿ.

ಉತ್ತರ 1: ನಿವೃತ್ತ ಅಧಿಕಾರಿ, ಕೋಲಾರ

ಸರ್, ನಾನು ಪೌರಾಡಳಿತದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸೇವಾವಧಿಯಲ್ಲಿ ಇಂಥ ಹಲವು ಸಮಿತಿಗಳಿಗೆ ಸದಸ್ಯ ಕಾರ್ಯದರ್ಶಿಯಾಗಿದ್ದೆ. ಸಭೆ ಕರೆಯುವುದು, ಕಾರ್ಯಸೂಚಿ ಸಿದ್ಧಪಡಿಸುವುದು, ನಡಾವಳಿ ಬರೆಯುವುದು ಮೂರೂ ಸದಸ್ಯ ಕಾರ್ಯದರ್ಶಿಯ ಕೈಯಲ್ಲೇ ಇರುತ್ತವೆ. ಸಮಿತಿಯ ಬಲಾಬಲ ತೀರ್ಮಾನವಾಗುವುದು ಬಹುಮಟ್ಟಿಗೆ ಅಲ್ಲಿಯೇ. ವೇದಿಕೆಯ ಮೇಲೆ ಯಾರು ಕುಳಿತಿದ್ದಾರೆ ಎಂಬುದು ಆಮೇಲಿನ ಮಾತು.

ಮೊದಲು ನೀವು ಕೇಳಬೇಕಾದದ್ದು, ಈ ಸಮಿತಿ ಹುಟ್ಟಿದ್ದು ಯಾವುದರಿಂದ ಎಂದು. ಕಾಯ್ದೆಯಿಂದ ಹುಟ್ಟಿದ ಸಮಿತಿಗೆ ಒಂದು ತೂಕ, ನಿಯಮ ಅಥವಾ ಯೋಜನಾ ಮಾರ್ಗಸೂಚಿಯಿಂದ ಹುಟ್ಟಿದ್ದಕ್ಕೆ ಇನ್ನೊಂದು, ಸರ್ಕಾರಿ ಆದೇಶದಿಂದ ಹುಟ್ಟಿದ್ದಕ್ಕೆ ಮತ್ತೊಂದು. ಅಧಿಕಾರಿಯೊಬ್ಬರ ಉತ್ಸಾಹದಿಂದ ಕಚೇರಿ ಜ್ಞಾಪನದ ಮೂಲಕ ಹುಟ್ಟಿದ್ದರೆ, ಅವರಿಗೆ ವರ್ಗಾವಣೆಯಾದ ದಿನವೇ ಅದರ ಆಯಸ್ಸೂ ಮುಗಿಯಬಹುದು. ಹೋಲಿಕೆಗೆ ಬೀದಿ ಬದಿ ವ್ಯಾಪಾರಿಗಳ 2014ರ ಕಾಯ್ದೆಯನ್ನು ನೋಡಿ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸ್ವಯಂಸೇವಾ ಮತ್ತು ಸಮುದಾಯ ಸಂಘಟನೆಗಳಿಗೆ ಕನಿಷ್ಠ ಶೇ 10ರಷ್ಟು ಸ್ಥಾನ. ಆಯುಕ್ತರು ಅಥವಾ ಮುಖ್ಯಾಧಿಕಾರಿಯೇ ಅಧ್ಯಕ್ಷರಾದರೂ ಇಂಥ ಸಮಿತಿಯನ್ನು ಕರೆಯದೆ ವ್ಯಾಪಾರ ವಲಯ ಗುರುತಿಸಿದರೆ ನ್ಯಾಯಾಲಯದಲ್ಲಿ ಪ್ರಶ್ನಿಸಲು ಆಧಾರ ಸಿಗುತ್ತದೆ. ನಿಮ್ಮ ಸಮಿತಿಗೆ ಅಂಥ ಬೆನ್ನೆಲುಬಿದೆಯೇ ಎಂಬುದನ್ನು ಆದೇಶದ ಸಂಖ್ಯೆ, ದಿನಾಂಕ ಸಮೇತ ಕೇಳಿ ತಿಳಿದುಕೊಳ್ಳಿ.

ಎರಡನೆಯದು ನಡಾವಳಿ. ‘ಸದಸ್ಯರು ಪ್ರಸ್ತಾಪಿಸಿದ ವಿಷಯವನ್ನು ಪರಿಶೀಲಿಸಿ ನಿಯಮಾನುಸಾರ ಕ್ರಮ ವಹಿಸಲು ಸೂಚಿಸಲಾಯಿತು’ ಎಂಬ ವಾಕ್ಯವನ್ನು ನಾನೇ ಎಷ್ಟು ಬಾರಿ ಬರೆಸಿದ್ದೇನೋ ಲೆಕ್ಕವಿಲ್ಲ. ಯಾರು ಪರಿಶೀಲಿಸಬೇಕು, ಎಂದಿನೊಳಗೆ, ಯಾರಿಗೆ ವರದಿ ಕೊಡಬೇಕು ಎಂಬ ಯಾವುದೂ ಅದರಲ್ಲಿ ಇರುವುದಿಲ್ಲ. ಅದೇ ವಿಷಯವನ್ನು ‘ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರು ಸ್ಥಳ ಪರಿಶೀಲಿಸಿ ಮುಂದಿನ ಸಭೆಗೆ ಏಳು ದಿನ ಮುಂಚಿತವಾಗಿ ವರದಿ ಸಲ್ಲಿಸುವುದು’ ಎಂದು ಬರೆಸಿದರೆ ಕಡತ ತಾನಾಗಿ ಚಲಿಸುತ್ತದೆ, ಏಕೆಂದರೆ ಮುಂದಿನ ಸಭೆಯ ಅನುಪಾಲನಾ ವರದಿಯಲ್ಲಿ (ಹಿಂದಿನ ತೀರ್ಮಾನಗಳ ಮೇಲೆ ಏನು ಕ್ರಮವಾಯಿತು ಎಂಬ ವರದಿ) ಆ ಸಾಲಿನ ಎದುರಿಗೆ ಏನಾದರೊಂದನ್ನು ತುಂಬಲೇಬೇಕಾಗುತ್ತದೆ. ಅನುಪಾಲನಾ ವರದಿಯಿಲ್ಲದೆ ಸಭೆ ಆರಂಭವಾಗಬಾರದು ಎಂಬ ಒಂದು ಕಟ್ಟಳೆಯನ್ನು ನೀವು ಮೊದಲ ಸಭೆಯಲ್ಲೇ ಠರಾವು ಮಾಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಸಲಹೆಯನ್ನು ಪಾಲಿಸುವ ಕಟ್ಟುಪಾಡು ಇಲ್ಲ ಎಂದಿದ್ದೀರಿ. ನಿಜ, ಇರಬೇಕೆಂದೂ ನಾನು ಹೇಳುವುದಿಲ್ಲ. ಹಣಕ್ಕೆ ಸಹಿ ಹಾಕುವವನು, ಲೆಕ್ಕ ಪರಿಶೋಧನೆಯಲ್ಲಿ ಉತ್ತರ ಕೊಡುವವನು ಅಧಿಕಾರಿ. ತೀರ್ಮಾನವೂ ಅವನದೇ ಇರಬೇಕು. ಆದರೆ ಸಲಹೆಯನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂದು ಲಿಖಿತವಾಗಿ ತಿಳಿಸುವ ಕಟ್ಟುಪಾಡು ಇರಲೇಬೇಕು. ಕಾರಣ ಬರೆಯಬೇಕಾಗಿ ಬಂದಾಗ ದುರ್ಬಲವಾದ ಕಾರಣ ಬರೆಯಲು ಯಾವ ಅಧಿಕಾರಿಗೂ ಧೈರ್ಯ ಬರುವುದಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ಪ್ರಕರಣವನ್ನು ಜನ ಅರ್ಜಿ ಹಾಕುವ ಭರದಲ್ಲಿ ಓದುವುದೇ ಇಲ್ಲ. ಸಲಹೆಗಾಗಿ ರಚಿಸಿದ ಮಂಡಳಿ, ಪರಿಷತ್ತು, ಸಮಿತಿಗಳ ವಿವರವನ್ನು, ಅವುಗಳ ಸಭೆಗಳಿಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡಾವಳಿ ಸಾರ್ವಜನಿಕರಿಗೆ ಲಭ್ಯವಿದೆಯೇ ಎಂಬುದನ್ನು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ಯಾರೂ ಕೇಳದಿದ್ದರೂ ತಾನೇ ಪ್ರಕಟಿಸಬೇಕೆಂದು ಅಲ್ಲಿ ಹೇಳಿದೆ. ನೀತಿ ರೂಪಿಸುವಾಗ ಜನರೊಂದಿಗೆ ಸಮಾಲೋಚಿಸಲು ಏನು ವ್ಯವಸ್ಥೆಯಿದೆ ಎಂಬುದನ್ನೂ ಪ್ರಕಟಿಸಬೇಕು. ಒಪ್ಪಿಗೆ ಪತ್ರದ ಜೊತೆಗೇ ಈ ಪ್ರಕರಣವನ್ನು ಉಲ್ಲೇಖಿಸಿ, ನಡಾವಳಿಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಬೇಕೆಂದು ವಿನಂತಿಸಿ. ಪ್ರತ್ಯೇಕ ಅರ್ಜಿ ಹಾಕುವ ಸಂದರ್ಭ ಬಂದರೆ ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ ಎಂಬುದು ನೆನಪಿರಲಿ.

ಇಷ್ಟು ಹೇಳಿದ ಮೇಲೆ ಅಧಿಕಾರಿಗಳ ಪರವಾಗಿಯೂ ಒಂದು ಮಾತು. ನಾನು ಕೆಲಸ ಮಾಡಿದ ಊರೊಂದರ ಸಂತೆ ಬೀದಿಯಲ್ಲಿ ಕಾಂಕ್ರೀಟ್ ಚರಂಡಿಯ ಅಂದಾಜು ಪಟ್ಟಿ ಸಿದ್ಧವಾಗಿತ್ತು. ಸಮಿತಿಯಲ್ಲಿದ್ದ ತರಕಾರಿ ವ್ಯಾಪಾರಿ ಮಹಿಳೆಯೊಬ್ಬರು ನಕ್ಷೆ ನೋಡಿ, ‘ಮಳೆ ಬಂದರೆ ನೀರು ಬರೋದು ಮೇಲಿನ ಬೀದಿಯಿಂದ, ನೀವು ಕಟ್ಟೋ ಚರಂಡಿ ಅಂಗಡಿ ಹೊಸಿಲಿಗಿಂತ ಎತ್ತರ ಆಗುತ್ತೆ, ನೀರೆಲ್ಲ ಒಳಕ್ಕೆ ನುಗ್ಗುತ್ತೆ’ ಎಂದರು. ಎಂಜಿನಿಯರ್ ಮೊದಲು ನಕ್ಕರು, ಮರುದಿನ ಲೆವೆಲ್ ಉಪಕರಣ ಇಟ್ಟು ನೋಡಿದಾಗ ಅವರು ಹೇಳಿದ್ದೇ ಸರಿಯಾಗಿತ್ತು, ನಕ್ಷೆ ಬದಲಾಯಿತು. ಇನ್ನೊಂದು ಪ್ರಯೋಜನವನ್ನು ಹೊರಗಿನವರು ಗಮನಿಸುವುದಿಲ್ಲ: ತಪ್ಪು ಕೆಲಸ ಮಾಡಿಸಲು ಮೇಲಿನಿಂದ ಒತ್ತಡ ಬಂದಾಗ, ‘ಸಮಿತಿಯಲ್ಲಿ ಇದಕ್ಕೆ ಆಕ್ಷೇಪ ದಾಖಲಾಗಿದೆ’ ಎಂದು ಹೇಳಲು ಸಾಧ್ಯವಾಗುವುದು ಪ್ರಾಮಾಣಿಕ ಅಧಿಕಾರಿಗೆ ದೊಡ್ಡ ಆಸರೆ. ಆದ್ದರಿಂದ ಒಪ್ಪಿಕೊಳ್ಳಿ ಎಂಬುದೇ ನನ್ನ ಅಭಿಪ್ರಾಯ.

ಉತ್ತರ 2: ರೈತ, ಗೌರಿಬಿದನೂರು ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

ಮೇಲಿನ ಉತ್ತರದಲ್ಲಿ ಹೇಳಿದ್ದೆಲ್ಲ ಸರಿಯಾಗಿದ್ದರೂ ಅದು ಕಚೇರಿಯ ಒಳಗಿನಿಂದ ಕಂಡ ನೋಟ. ಹಳ್ಳಿಯ ಕಡೆಯಿಂದ ಕಂಡದ್ದನ್ನು ನಾನು ಬರೆಯುತ್ತೇನೆ.

ಬಹಳ ವರ್ಷಗಳ ಹಿಂದೆ ನಮ್ಮೂರಿನ ಕೆರೆಯನ್ನು ಯೋಜನೆಯೊಂದರಲ್ಲಿ ಅಭಿವೃದ್ಧಿಪಡಿಸುವಾಗ ಕೆರೆ ಬಳಕೆದಾರರ ಸಂಘ ರಚಿಸಿದರು. ಅಚ್ಚುಕಟ್ಟಿನ ರೈತರು, ಕುರಿ ಸಾಕುವವರು, ಮಡಿವಾಳರು, ಭೂಮಿಯಿಲ್ಲದವರು ಎಲ್ಲರಿಗೂ ಅದರಲ್ಲಿ ಸ್ಥಾನವಿತ್ತು. ತೂಬು ಎಲ್ಲಿ ಸೋರುತ್ತದೆ, ಕೋಡಿಯನ್ನು ಎಷ್ಟು ಎತ್ತರಿಸಿದರೆ ಹಿಂಭಾಗದ ಹೊಲ ಮುಳುಗುತ್ತದೆ, ರಾಜಕಾಲುವೆ ಎಲ್ಲೆಲ್ಲಿ ಒತ್ತುವರಿಯಾಗಿದೆ ಎಂಬುದನ್ನು ನೀರುಗಂಟಿ ಹೇಳುತ್ತಿದ್ದರೆ ಎಂಜಿನಿಯರುಗಳು ಬರೆದುಕೊಳ್ಳುತ್ತಿದ್ದರು. ಆ ಅವಧಿಯಲ್ಲಿ ಸಲಹೆಗೆ ಬೆಲೆ ಇತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಣ ಮುಗಿದು ಯೋಜನೆ ಮುಚ್ಚಿದ ಮೇಲೆ ಸಂಘದ ಮಾತಿಗೆ ಯಾವ ಕಚೇರಿಯಲ್ಲೂ ಕಿವಿಗೊಡುವವರಿರಲಿಲ್ಲ. ಮೀನು ಹರಾಜಿನ ಹಣ ಸಂಘಕ್ಕೆ ಸೇರಬೇಕೋ ಪಂಚಾಯಿತಿಗೋ ಎಂಬ ಜಗಳ ಶುರುವಾಯಿತು, ಸಭೆ ಸೇರುವುದು ನಿಂತಿತು, ಠರಾವು ಪುಸ್ತಕ ಇಂದಿಗೂ ಆಗಿನ ಅಧ್ಯಕ್ಷರ ಮನೆಯ ಟ್ರಂಕಿನಲ್ಲಿದೆ. ಸಮಿತಿಯ ಆಯಸ್ಸು ಯೋಜನೆಯ ಹಣದ ಆಯಸ್ಸಿಗಿಂತ ಹೆಚ್ಚಿರುತ್ತದೆಯೇ ಎಂದು ಮೊದಲು ಕೇಳಿ.

ಎರಡನೆಯ ಮಾತು, ನಿಜವಾಗಿ ದೊಡ್ಡದಾದ ತೀರ್ಮಾನಗಳನ್ನು ಇಂಥ ಸಮಿತಿಗಳ ಮುಂದೆ ತರುವುದೇ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆಗಳನ್ನೇ ತೆಗೆದುಕೊಳ್ಳಿ: ಕೋಲಾರಕ್ಕೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ), ನಮಗೆ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ). ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯ ಹಂತವೂ ಬೇಕೇ ಎಂಬುದು ಕೊಳವೆಬಾವಿಯ ನೀರನ್ನೇ ಕುಡಿಯುವ ನಮ್ಮ ಜಿಲ್ಲೆಗಳಿಗೆ ಜೀವನ್ಮರಣದ ಪ್ರಶ್ನೆ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ನೀರು ಬಂದು ನೊರೆ ಕಾಣಿಸಿಕೊಂಡ ಮೇಲೆ ವಿಷಯ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ಬಂದದ್ದರಿಂದ ಅಂತರ್ಜಲ ಏರಿದೆ ಎನ್ನುವ ರೈತರೂ ನಮ್ಮಲ್ಲಿದ್ದಾರೆ, ಮಣ್ಣು ಮತ್ತು ಬೆಳೆಯ ಗುಣಮಟ್ಟದ ಬಗ್ಗೆ ಆತಂಕ ಪಡುವವರೂ ಇದ್ದಾರೆ, ಒಬ್ಬನೇ ರೈತ ಎರಡನ್ನೂ ಹೇಳುವುದುಂಟು. ಈ ಎರಡೂ ಮಾತುಗಳನ್ನು ನೀರಿನ ಪರೀಕ್ಷಾ ವರದಿಯ ಸಮೇತ ಎದುರುಬದುರು ಕೂರಿಸಿ ಕೇಳುವ, ತಿಂಗಳು ತಿಂಗಳೂ ಕೇಳುವ ಒಂದು ಸ್ಥಾಯಿ ವೇದಿಕೆ ಎರಡೂ ಜಿಲ್ಲೆಗಳಲ್ಲಿ ಇರಬೇಕಾಗಿತ್ತು. ಚರಂಡಿಯ ಎತ್ತರ ಕೇಳಲು ನಾಗರಿಕರು ಬೇಕು, ಕುಡಿಯುವ ನೀರಿನ ಸಂಸ್ಕರಣೆಯ ಹಂತ ಕೇಳಲು ಬೇಡ ಎಂದರೆ ಹೇಗೆ?

ಉತ್ತರ 3: ರಾಜ್ಯಶಾಸ್ತ್ರ ಉಪನ್ಯಾಸಕ, ತುಮಕೂರು

ಚರ್ಚೆ ಉಪಯುಕ್ತವಾಗಿದೆ. ಹೊರಗಿನ ಕೆಲವು ಅನುಭವಗಳನ್ನು ಸೇರಿಸುತ್ತೇನೆ.

ನಮ್ಮ ದೇಶದಲ್ಲಿ ನಾಗರಿಕ ಸಮಾಜದ ಸಲಹಾ ಮಂಡಳಿ ಎಂದೊಡನೆ ನೆನಪಾಗುವುದು 2004ರಲ್ಲಿ ರಚನೆಯಾಗಿ, 2010ರಲ್ಲಿ ಪುನಾರಚನೆಗೊಂಡು, 2014ರಲ್ಲಿ ಕೊನೆಗೊಂಡ ರಾಷ್ಟ್ರೀಯ ಸಲಹಾ ಮಂಡಳಿ. ಸೋನಿಯಾ ಗಾಂಧಿಯವರ ಅಧ್ಯಕ್ಷತೆಯ ಆ ಮಂಡಳಿಯಲ್ಲಿ ಸಾಮಾಜಿಕ ಕಾರ್ಯಕರ್ತೆ ಅರುಣಾ ರಾಯ್, ಅರ್ಥಶಾಸ್ತ್ರಜ್ಞ ಜಾನ್ ಡ್ರೀಜ್ ಮುಂತಾದವರಿದ್ದರು. ಮಾಹಿತಿ ಹಕ್ಕು ಮತ್ತು ಉದ್ಯೋಗ ಖಾತರಿ ಕಾಯ್ದೆಗಳು 2005ರಲ್ಲಿ ಬಂದ ಬಗೆಯಲ್ಲಿ ಅದರ ಪಾತ್ರ ದೊಡ್ಡದು. ಆದರೆ ಸಂಪುಟಕ್ಕೆ ಸಮಾನಾಂತರವಾಗಿ, ಯಾರಿಗೂ ಉತ್ತರದಾಯಿಯಲ್ಲದ ಅಧಿಕಾರ ಕೇಂದ್ರವಾಯಿತು ಎಂಬ ಟೀಕೆಯೂ ಅಷ್ಟೇ ಬಲವಾಗಿತ್ತು. ನನ್ನ ದೃಷ್ಟಿಯಲ್ಲಿ ಅದರ ಯಶಸ್ಸಿಗೂ ಅದರ ಮೇಲಿನ ಟೀಕೆಗೂ ಮೂಲ ಒಂದೇ: ಮಂಡಳಿಯ ಮಾತಿಗೆ ತೂಕ ಬಂದದ್ದು ಅಧ್ಯಕ್ಷರ ರಾಜಕೀಯ ಸ್ಥಾನದಿಂದ. ಹಾಗಾಗಿ ಸರ್ಕಾರ ಬದಲಾದೊಡನೆ ಮಂಡಳಿಯೂ ಇಲ್ಲವಾಯಿತು. ಬೆಂಗಳೂರಿನಲ್ಲಿ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ನಗರ ಸುಧಾರಣೆಗಾಗಿ ನಡೆದ ಕಾರ್ಯಪಡೆಯ ಕಥೆಯೂ ಇದೇ. 1999ರಲ್ಲಿ ಆರಂಭವಾದದ್ದು 2004ರಲ್ಲಿ ಸರ್ಕಾರದೊಂದಿಗೇ ಮುಗಿಯಿತು.

ಬೇರೆ ದೇಶಗಳು ಇದನ್ನು ಕಾನೂನಿನ ಮೂಲಕ ನಿಭಾಯಿಸಲು ಪ್ರಯತ್ನಿಸಿವೆ. ಚಿಲಿ ದೇಶದ 2011ರ ಕಾನೂನಿನಂತೆ ಸರ್ಕಾರಿ ಸಂಸ್ಥೆಗಳು ಲಾಭರಹಿತ ಸಂಘಗಳ ಪ್ರತಿನಿಧಿಗಳನ್ನೊಳಗೊಂಡ ನಾಗರಿಕ ಸಮಾಜದ ಪರಿಷತ್ತುಗಳನ್ನು ಹೊಂದಿರಬೇಕು. ಅವು ಸಮಾಲೋಚನೆಗಷ್ಟೇ ಸೀಮಿತ. ಫಿಲಿಪ್ಪೀನ್ಸಿನ 1991ರ ಸ್ಥಳೀಯ ಸರ್ಕಾರ ಸಂಹಿತೆಯಲ್ಲಿ ಸ್ಥಳೀಯ ಅಭಿವೃದ್ಧಿ ಪರಿಷತ್ತಿನ ಕನಿಷ್ಠ ಕಾಲು ಭಾಗ ಸರ್ಕಾರೇತರ ಸಂಘಟನೆಗಳಿಗೆ ಮೀಸಲು. ಬ್ರೆಜಿಲ್ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಆರೋಗ್ಯ ಪರಿಷತ್ತುಗಳಲ್ಲಿ ಅರ್ಧದಷ್ಟು ಸ್ಥಾನ ಆಸ್ಪತ್ರೆಗಳನ್ನು ಬಳಸುವ ಜನರ ಪ್ರತಿನಿಧಿಗಳಿಗೆ, ಉಳಿದರ್ಧ ಸರ್ಕಾರ, ಸೇವೆ ಒದಗಿಸುವವರು ಮತ್ತು ಆರೋಗ್ಯ ಸಿಬ್ಬಂದಿಗೆ. ಪರಿಷತ್ತು ಇಲ್ಲದ ಪುರಸಭೆ ಕೇಂದ್ರದ ಆರೋಗ್ಯ ಅನುದಾನ ಪಡೆಯಲು ಅರ್ಹವಲ್ಲ ಎಂದು 1990ರ ಕಾನೂನು ಹೇಳುತ್ತದೆ. ಅನುದಾನಕ್ಕೆ ಗಂಟು ಹಾಕಿದ್ದರಿಂದ ಪರಿಷತ್ತು ರಚಿಸದೆ ಬೇರೆ ದಾರಿಯೇ ಇರಲಿಲ್ಲ. ರಚನೆಯಾದದ್ದೆಲ್ಲ ಜೀವಂತವಾಗಿದೆ ಎಂದು ಇದರರ್ಥವಲ್ಲ. ಮೇಯರ್ ಬೆಂಬಲಿಗರೇ ತುಂಬಿಕೊಂಡ ಪರಿಷತ್ತುಗಳ ಬಗ್ಗೆ ಅಲ್ಲಿಯೂ ದೂರುಗಳಿವೆ.

ನಮ್ಮಲ್ಲೂ ಕಾನೂನಿನ ಬಲವಿರುವ ವೇದಿಕೆಗಳಿವೆ. ಸಂವಿಧಾನದ 243ಎಸ್ ವಿಧಿ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಕಡ್ಡಾಯ ಎನ್ನುತ್ತದೆ. 2011ರ ಜನಗಣತಿಯಲ್ಲಿ ತುಮಕೂರು ಆ ಗೆರೆಯನ್ನು ಸ್ವಲ್ಪದರಲ್ಲೇ ದಾಟಿದೆ. ಕೋಲಾರ, ಚಿಕ್ಕಬಳ್ಳಾಪುರ ನಗರಗಳು ಬಹಳ ಕೆಳಗಿವೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಂತೆ ವಾರ್ಡ್ ಸಮಿತಿಗೆ ಪಾಲಿಕೆ ಸದಸ್ಯರು ಅಧ್ಯಕ್ಷರು. ನಾಮನಿರ್ದೇಶನಗೊಳ್ಳುವ 10 ಮಂದಿಯಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಬೆಂಗಳೂರು ಮತ್ತು ಮಂಗಳೂರಿನಲ್ಲಿ ಇವು ಕಾಗದದಿಂದ ಕೆಳಗಿಳಿದದ್ದು ಉಚ್ಚ ನ್ಯಾಯಾಲಯದಲ್ಲಿ ವಿಚಾರಣೆ ನಡೆದ ಮೇಲೆಯೇ ಎಂಬುದನ್ನು ಗಮನಿಸಬೇಕು. ಎಸ್.ಎಸ್. ಪುರಂನ ಮಹನೀಯರಿಗೆ ನನ್ನ ವಿನಂತಿಯೆಂದರೆ, ಇಲಾಖೆಯ ಸಮಿತಿಯಲ್ಲಿ ಕುಳಿತರೂ ವಾರ್ಡ್ ಸಮಿತಿಯ ಬೇಡಿಕೆಯನ್ನು ಕೈಬಿಡಬೇಡಿ. ಸಲಹಾ ಸಮಿತಿಯ ಸ್ಥಾನ ಇಲಾಖೆಯ ಕೃಪೆಯಿಂದ ಬರುತ್ತದೆ. ವಾರ್ಡ್ ಸಮಿತಿಗೆ ಕಾಯ್ದೆಯೇ ಆಧಾರ.

ಉತ್ತರ 4: ಮಾಜಿ ನಗರಸಭಾ ಸದಸ್ಯೆ, ಕೋಲಾರ ಜಿಲ್ಲೆ

ಎಲ್ಲರೂ ಸಲಹಾ ಸಮಿತಿಗಳ ಬಗ್ಗೆ ಬರೆಯುತ್ತಿದ್ದೀರಿ, ಮನೆಮನೆಗೆ ಹೋಗಿ ಮತ ಕೇಳಿ ಗೆದ್ದು ಬಂದವರ ಬಗ್ಗೆ ಒಂದು ಸಾಲನ್ನಾದರೂ ಬರೆಯಬೇಕಿತ್ತು. ನಾನು ಸದಸ್ಯೆಯಾಗಿದ್ದಾಗ ನನ್ನ ವಾರ್ಡಿನ ಕೆಲಸದ ಪಟ್ಟಿ ನನಗಿಂತ ಮೊದಲು ಸಂಘ ಸಂಸ್ಥೆಗಳವರಿಗೆ ತಿಳಿದಿರುತ್ತಿತ್ತು. ನಲ್ಲಿಯಲ್ಲಿ ನೀರು ಬರದಿದ್ದರೆ ಬೆಳಿಗ್ಗೆ ಆರಕ್ಕೆ ಜನ ಕೊಡ ಹಿಡಿದು ಬರುವುದು ನನ್ನ ಮನೆ ಬಾಗಿಲಿಗೆ, ಸಲಹಾ ಸಮಿತಿ ಸದಸ್ಯರ ಮನೆಗಲ್ಲ.

ಮೇಷ್ಟ್ರು ಹೇಳಿದ ಸಂವಿಧಾನದ ಮಾತನ್ನೇ ಮುಂದುವರಿಸುವುದಾದರೆ, 243ಝಡ್‌ಡಿ ವಿಧಿಯಂತೆ ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಭಾಗದಷ್ಟು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳ ಚುನಾಯಿತ ಸದಸ್ಯರ ನಡುವಿನಿಂದಲೇ ಆಯ್ಕೆಯಾಗಿ ಬರಬೇಕು. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತ ಮಂಡಳಿಯೇ ಇಲ್ಲದ ಕಡೆ ಆಡಳಿತಾಧಿಕಾರಿ ಕೆಲವು ಗಣ್ಯರನ್ನು ಕೂರಿಸಿಕೊಂಡು ‘ಜನಾಭಿಪ್ರಾಯ ಪಡೆಯಲಾಯಿತು’ ಎಂದರೆ ಅದನ್ನು ಉತ್ತಮ ಆಡಳಿತ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಂಥ ಸಮಯದಲ್ಲಿ ಸಲಹಾ ಸಮಿತಿಯವರ ಮೊದಲ ಸಲಹೆ ‘ಚುನಾವಣೆ ನಡೆಸಿ’ ಎಂದಾಗಿರಬೇಕು.

ಇನ್ನು ಯಾರನ್ನು ಕೂರಿಸುತ್ತಾರೆ ಎಂಬುದು. ನಿವೃತ್ತರು, ವಕೀಲರು, ವಾಣಿಜ್ಯೋದ್ಯಮಿಗಳು, ರೋಟರಿ ಮತ್ತು ಲಯನ್ಸ್ ಪದಾಧಿಕಾರಿಗಳು. ಇವರೆಲ್ಲ ಗೌರವಾನ್ವಿತರೇ. ಆದರೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಪೌರಕಾರ್ಮಿಕರಾಗಲಿ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಾಗಲಿ, ಟೊಮೆಟೊ ಮಂಡಿಯ ಹಮಾಲರಾಗಲಿ ದಿನಗೂಲಿ ಬಿಟ್ಟು ಹೇಗೆ ಬರುತ್ತಾರೆ? ಬಂದವರಿಗೆ ಆ ದಿನದ ಕೂಲಿಯನ್ನು ಕಟ್ಟಿಕೊಡುವ ವ್ಯವಸ್ಥೆಯಾದರೂ ಇರಬೇಕು, ಇಲ್ಲವೇ ಸಭೆಯನ್ನು ಅವರ ಬೀದಿಯಲ್ಲಿ ಸಂಜೆ ಹೊತ್ತು ನಡೆಸಬೇಕು. ಶಾಲೆಗಳ ಎಸ್‌ಡಿಎಂಸಿಯನ್ನು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನೋಡಿ: ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಬಿಸಿಯೂಟದ ಬೇಳೆ ನೀರಾಗಿದೆ ಎಂದು ಹೇಳಲು ಆ ತಾಯಂದಿರಿಗೆ ಯಾವ ಪದವಿಯೂ ಬೇಕಾಗಲಿಲ್ಲ.

ಪ್ರಶ್ನೆ ಕೇಳಿದವರಿಂದ: ಎಸ್.ಎಸ್. ಪುರಂ ನಿವಾಸಿ, ತುಮಕೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಿವೃತ್ತ ಅಧಿಕಾರಿಗಳು ಹೇಳಿದಂತೆ ಇಲಾಖೆಗೆ ಪತ್ರ ಬರೆದು, ಸಮಿತಿ ರಚನೆಯ ಆದೇಶದ ಪ್ರತಿ, ಅದರ ಅವಧಿ, ಕಾರ್ಯಸೂಚಿಯನ್ನು ಎಷ್ಟು ದಿನ ಮುಂಚೆ ಕೊಡುತ್ತೀರಿ, ನಡಾವಳಿಯನ್ನು ಎಲ್ಲಿ ಪ್ರಕಟಿಸುತ್ತೀರಿ ಎಂಬುದನ್ನು ಕೇಳಿದ್ದೇನೆ. ಆದೇಶದ ಪ್ರತಿ ಬಂದಿದೆ. ಅದು ಸರ್ಕಾರಿ ಆದೇಶವೇ ಆಗಿದ್ದು, ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕೆಂದು ಅದರಲ್ಲಿದೆ; ಸಲಹೆಗಳಿಗೆ ಉತ್ತರ ಕೊಡುವ ಬಗ್ಗೆ ಒಂದು ಅಕ್ಷರವೂ ಇಲ್ಲ. ಉಳಿದ ಪ್ರಶ್ನೆಗಳಿಗೆ ‘ಮೊದಲ ಸಭೆಯಲ್ಲಿ ಮಾತನಾಡೋಣ ಬನ್ನಿ’ ಎಂದು ದೂರವಾಣಿಯಲ್ಲಿ ಹೇಳಿದ್ದಾರೆ.

ನಾನು ಒಪ್ಪಿಕೊಳ್ಳಲು ತೀರ್ಮಾನಿಸಿದ್ದೇನೆ. ಮಾಜಿ ಸದಸ್ಯೆಯವರ ಮಾತು ಮನಸ್ಸಿಗೆ ನಾಟಿದ್ದರಿಂದ, ನಮ್ಮ ಬಡಾವಣೆಯ ಹಿಂದಿನ ಕಾಲೊನಿಯಲ್ಲಿ ವಾಸವಾಗಿರುವ ಪೌರಕಾರ್ಮಿಕ ಮಹಿಳೆಯೊಬ್ಬರನ್ನೂ ಸದಸ್ಯರನ್ನಾಗಿ ಸೇರಿಸಬೇಕೆಂದು, ಸಭೆಯನ್ನು ಮಧ್ಯಾಹ್ನ ಮೂರರ ನಂತರ ಇಡಬೇಕೆಂದು ಒಪ್ಪಿಗೆ ಪತ್ರದಲ್ಲೇ ಕೋರಿದ್ದೇನೆ. ರೈತ ಮಿತ್ರರು ಎತ್ತಿದ ಪ್ರಶ್ನೆಗೆ, ಅಂದರೆ ದೊಡ್ಡ ತೀರ್ಮಾನಗಳು ಸಮಿತಿಯ ಮುಂದೆ ಬರುವಂತೆ ಮಾಡುವುದು ಹೇಗೆ ಎಂಬುದಕ್ಕೆ, ನನ್ನಲ್ಲಿ ಉತ್ತರವಿಲ್ಲ. ಕಾರ್ಯಸೂಚಿಗೆ ವಿಷಯ ಸೇರಿಸುವ ಹಕ್ಕನ್ನು ಸದಸ್ಯರಿಗೂ ಕೊಡಿ ಎಂದು ಕೇಳುವುದಷ್ಟೇ ಸದ್ಯಕ್ಕೆ ತೋಚಿದೆ.

ನಿವೃತ್ತ ಅಧಿಕಾರಿಗಳಲ್ಲಿ ಕೊನೆಯದಾಗಿ ಒಂದು ವಿಚಾರಣೆ: ಸಭೆಯಲ್ಲಿ ನಾನು ವಿರೋಧ ವ್ಯಕ್ತಪಡಿಸಿದರೂ ನಡಾವಳಿಯಲ್ಲಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬಂದರೆ ಏನು ಮಾಡಬೇಕು?

ಉತ್ತರ 5: ನಿವೃತ್ತ ಅಧಿಕಾರಿ, ಕೋಲಾರ

ವಿರೋಧವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕಾರ್ಯಸೂಚಿಯ ವಿಷಯ ಸಂಖ್ಯೆಯನ್ನು ನಮೂದಿಸಿ, ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು, ಸಭೆ ನಡೆಯುತ್ತಿರುವಾಗಲೇ ಎರಡು ಪ್ರತಿ ಕೊಟ್ಟು ಒಂದರ ಮೇಲೆ ಸದಸ್ಯ ಕಾರ್ಯದರ್ಶಿಯ ಸ್ವೀಕೃತಿ ಸಹಿ, ದಿನಾಂಕ ಪಡೆಯಿರಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟರೆ ಅದು ಬೇರೆ ಕಡತಕ್ಕೆ ಹೋಗುವ ಸಾಧ್ಯತೆ ಇದೆ.

ಅಷ್ಟಾಗಿಯೂ ‘ಸರ್ವಾನುಮತ’ ಎಂದೇ ಬಂದರೆ ಮುಂದಿನ ಸಭೆಯ ತನಕ ಕಾಯಿರಿ. ಸಾಮಾನ್ಯವಾಗಿ ಅದರ ಮೊದಲ ವಿಷಯ ‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು’ ಎಂದಿರುತ್ತದೆ, ಯಾರೂ ಗಮನ ಕೊಡದೆ ‘ಆಯಿತು’ ಎಂದು ಮುಂದೆ ಸಾಗುತ್ತಾರೆ. ನೀವು ಅಲ್ಲಿ ತಡೆದು, ಸ್ವೀಕೃತಿ ಪ್ರತಿಯನ್ನು ತೋರಿಸಿ, ತಿದ್ದುಪಡಿಯಾಗದೆ ದೃಢೀಕರಣಕ್ಕೆ ನನ್ನ ಸಮ್ಮತಿಯಿಲ್ಲ ಎಂದು ಹೇಳಿ. ದೃಢೀಕರಣವಾಗದ ನಡಾವಳಿಯ ಆಧಾರದ ಮೇಲೆ ಮುಂದಿನ ಮಂಜೂರಾತಿಗೆ ಟಿಪ್ಪಣಿ ಹಾಕಲು ಕೆಳಗಿನ ಸಿಬ್ಬಂದಿ ಹಿಂದೆ ಮುಂದೆ ನೋಡುತ್ತಾರೆ. ಒಂದು ಬಾರಿ ಹೀಗೆ ಮಾಡಿದರೆ ಆಮೇಲೆ ನಿಮ್ಮ ಹೆಸರಿನ ಎದುರಿನ ಸಾಲನ್ನು ಎರಡು ಸಲ ಓದಿಯೇ ಟೈಪು ಮಾಡಿಸುತ್ತಾರೆ.